ಜವಾರಿ ಕೋಳಿ ತತ್ತಿ ನಿಲ್ಲಿಸಿತೇ? ಮಾರುವ ಮುನ್ನ ಇಷ್ಟು ನೋಡಿ

ಹಿತ್ತಲಲ್ಲಿ ಐದು ಕೋಳಿ. ಮೂರು ತತ್ತಿ ಇಡುತ್ತವೆ, ಎರಡು ಇಡುವುದಿಲ್ಲ. ಎಲ್ಲಕ್ಕೂ ಹಾಕುವುದು ಅದೇ ಜೋಳ, ಅದೇ ನೀರು. ಮತ್ತೆ ಆ ಎರಡಕ್ಕೆ ಏನಾಗಿದೆ? ದೃಷ್ಟಿ ತಾಗಿದೆ ಎನ್ನುವವರಿದ್ದಾರೆ. ಹುಂಜ ಇಲ್ಲ, ಅದಕ್ಕೇ ಹೀಗೆ ಎನ್ನುವವರೂ ಇದ್ದಾರೆ. ತಿಕೋಟಾ ತಾಲೂಕಿನ ಕಳ್ಳಕವಟಗಿಯಂಥ ಊರುಗಳಲ್ಲಿ ಮನೆಯ ಕೋಳಿ ಎಂದರೆ ಹೆಣ್ಣುಮಕ್ಕಳ ಕೈಖರ್ಚಿನ ದುಡ್ಡು. ತಪ್ಪು ಕಾರಣಕ್ಕೆ ಒಂದು ಕೋಳಿ ಮಾರಿದರೆ, ಅದು ಮುಂದೆ ಮಾಡಬೇಕಿದ್ದ ಮರಿಗಳೂ ಹೋದಂತೆ.

ಹುಂಜದ ಮಾತನ್ನು ಮೊದಲೇ ಮುಗಿಸೋಣ. ತತ್ತಿ ಇಡಲು ಹುಂಜ ಬೇಕಿಲ್ಲ. ಮರಿ ಆಗಲು ಮಾತ್ರ ಬೇಕು. ಅಂಗಡಿಯ ಫಾರಂ ತತ್ತಿಗಳೆಲ್ಲ ಹುಂಜವಿಲ್ಲದೆ ಬಂದವೇ.

ತತ್ತಿ ನಿಂತ ಕೋಳಿ ಗೂಡಲ್ಲೇ ಕೂತು, ಹತ್ತಿರ ಹೋದರೆ ಗರಿ ಕೆದರಿ ಗುರ್ರೆನ್ನುತ್ತಿದೆಯೇ? ಅದು ಕಾವಿಗೆ ಕೂತಿದೆ. ಜವಾರಿ ಕೋಳಿ ಒಂದು ಸರದಿಯಲ್ಲಿ ಹತ್ತು ಹದಿನೈದು ತತ್ತಿ ಇಟ್ಟು ನಿಲ್ಲಿಸುತ್ತದೆ. ಆಗ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ, ತತ್ತಿ ತಯಾರಿಸುವ ಕೆಲಸವನ್ನು ಬಂದ್ ಮಾಡುತ್ತದೆ. 21 ದಿನ ಕಾವು, ನಂತರ ಮರಿಗಳ ಜೊತೆ ಎರಡು ತಿಂಗಳ ತಿರುಗಾಟ. ವರ್ಷಕ್ಕೆ ಇಂಥ ಮೂರು ನಾಲ್ಕು ಸರದಿ ಆದರೆ ತತ್ತಿಯ ಲೆಕ್ಕ 50–60 ದಾಟುವುದೇ ಕಷ್ಟ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಇದರ ದುಪ್ಪಟ್ಟು ಇಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ಪಕ್ಕದ ಮನೆಯ ಗಿರಿರಾಜನ ಜೊತೆ ನಮ್ಮ ಜವಾರಿಯನ್ನು ಹೋಲಿಸಿ ಬೈಯುವುದು ನ್ಯಾಯವಲ್ಲ.

ಮರಿ ಬೇಡ, ತತ್ತಿಯೇ ಬೇಕು ಎಂದಾದರೆ ಕಾವು ಬಿಡಿಸಬಹುದು. ಮೂಗಿಗೆ ಪುಕ್ಕ ಚುಚ್ಚುವ ಹಳೆಯ ಪದ್ಧತಿ ಬರೀ ಹಿಂಸೆ. ಕೋಳಿಯನ್ನು ಕೆಳಗಡೆ ಜಾಲರಿ ಇರುವ ಬುಟ್ಟಿಯಲ್ಲೋ ಪಂಜರದಲ್ಲೋ ಮೂರ್ನಾಲ್ಕು ದಿನ ಇಡಿ. ಹೊಟ್ಟೆಗೆ ಗಾಳಿ ತಾಗಿ ತಂಪಾದರೆ ಕಾವು ಇಳಿಯುತ್ತದೆ. ನೀರು, ಕಾಳು ಮಾತ್ರ ತಪ್ಪಿಸಬೇಡಿ.

ಕಾವಿಗೂ ಕೂತಿಲ್ಲ ಎಂದರೆ ಕಾಳು ಹಾಕುವಾಗ ಸ್ವಲ್ಪ ಹೊತ್ತು ನಿಂತು ನೋಡಿ. ಕೋಳಿಗಳಲ್ಲೂ ದೊಡ್ಡವರು ಚಿಕ್ಕವರು ಇರುತ್ತಾರೆ. ಜೋರಿನ ಕೋಳಿ ಕುಕ್ಕಿ ಓಡಿಸಿದರೆ ಬಡಪಾಯಿಗೆ ಸಿಗುವುದು ಉಳಿದಿದ್ದು. ನಾವು ಹಾಕಿದ್ದು ಸಮ, ಹೊಟ್ಟೆಗೆ ಹೋಗಿದ್ದು ಸಮ ಇರುವುದಿಲ್ಲ. ಎರಡು ಮೂರು ಕಡೆ ಚೆಲ್ಲಿದರೆ ಅರ್ಧ ತಕರಾರು ಮುಗಿಯುತ್ತದೆ.

ಇನ್ನು ಬರೀ ಜೋಳವೂ ಸಾಲದು. ಒಂದು ತತ್ತಿಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಜೋಳದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ತಿಂದುಳಿದ ತತ್ತಿ ಚಿಪ್ಪನ್ನು ಕುದಿಸಿ, ಒಣಗಿಸಿ, ಪುಡಿ ಮಾಡಿ ಕೊಡಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಬೇಡ, ಬಾಯಿ ಸುಡುತ್ತದೆ. ಪ್ರೋಟೀನಿಗೆ ಒಂದಿಷ್ಟು ಶೇಂಗಾ ಹಿಂಡಿ ಆಗುತ್ತದೆ, ಬೂಸು ಹಿಡಿದದ್ದು ಮಾತ್ರ ಬೇಡವೇ ಬೇಡ.

ಋತುವಿನ ಪಾತ್ರವೂ ಇದೆ. ಕೋಳಿಯ ಮಿದುಳು ಹಗಲಿನ ಉದ್ದವನ್ನು ಅಳೆಯುತ್ತದೆ. ಫಾರಂಗಳಲ್ಲಿ ದೀಪ ಹಾಕಿ 16 ಗಂಟೆ ಬೆಳಕು ಕೊಡುತ್ತಾರೆ, ವಿಜಯಪುರದ ಕಡೆ ಡಿಸೆಂಬರಿನ ಹಗಲು 11 ಗಂಟೆಯ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಕಿಗೆ ಬರ ಇಲ್ಲ, ಆದರೆ 40 ಡಿಗ್ರಿ ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಕಾಳು ಕಡಿಮೆ ತಿನ್ನುತ್ತದೆ, ಚಿಪ್ಪು ತೆಳ್ಳಗಾಗುತ್ತದೆ. ಬೇವಿನ ನೆರಳಲ್ಲಿ ಮಣ್ಣಿನ ಪಾತ್ರೆಯಲ್ಲಿ ತಣ್ಣೀರು ಇಟ್ಟರೆ ಅದೇ ಔಷಧ. ಗರಿ ಉದುರಿಸಿ ಹೊಸದು ಬೆಳೆಸುವ ಕಾಲದಲ್ಲೂ ಎರಡು ಮೂರು ತಿಂಗಳು ತತ್ತಿ ಇರದು.

ಎಲ್ಲ ಕೋಳಿಗಳೂ ಒಮ್ಮೆಲೇ ನಿಲ್ಲಿಸಿದರೆ, ಹಸಿರು ಹಿಕ್ಕೆ ಹಾಕಿ ಕುತ್ತಿಗೆ ತಿರುಚತೊಡಗಿದರೆ ಅದು ರಾಣಿಖೇತ್ ರೋಗ ಇರಬಹುದು. ಕಾಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಈ ರೋಗ ಬಂದ ಮೇಲೆ ಮದ್ದಿಲ್ಲ, ಮೊದಲೇ ಹಾಕಿಸುವ ಲಸಿಕೆ ಇದೆ.

ಯಾವ ಕೋಳಿ ನಿಜವಾಗಿ ಇಡುತ್ತಿಲ್ಲ ಎಂದು ತಿಳಿಯಲು ಕೈಬೆರಳು ಸಾಕು. ಬಾಲದ ಕೆಳಗೆ, ತತ್ತಿ ಬರುವ ಜಾಗದ ಎರಡೂ ಬದಿ ಚೂಪಾದ ಎಲುಬು ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ, ಜುಟ್ಟು ಕೆಂಪಗೆ ತುಂಬಿಕೊಂಡಿದ್ದರೆ ಆ ಕೋಳಿ ಇಡುತ್ತಿದೆ. ಒಂದೇ ಬೆರಳು ಹಿಡಿಸಿದರೆ ಸದ್ಯಕ್ಕೆ ನಿಲ್ಲಿಸಿದೆ.

ಬೆರಳು ಮೂರು ಹಿಡಿಸಿಯೂ ಬುಟ್ಟಿ ಖಾಲಿ ಇದ್ದರೆ? ಬೆಳಿಗ್ಗೆ ಆ ಕೋಳಿಯ ಹಿಂದೆಯೇ ಹೋಗಿ. ಕಣಿಕೆ ಬಣವೆಯ ಸಂದಿಯಲ್ಲಿ ಹತ್ತು ತತ್ತಿ ಕೂಡಿಟ್ಟಿರಬಹುದು.