ಥೆರಪಿ ಕೇಂದ್ರ ಬದಲಾಗುವಾಗ ಕನ್ನಡದ ಮಗುವಿಗೆ ಆಗುವ ನಷ್ಟ

ಶಾಲಾ ವರ್ಷ ಆರಂಭವಾಗುವ ಹೊತ್ತಿಗೆ ಕಾಸರಗೋಡಿನ ಕನ್ನಡ ಶಾಲೆಗಳ ಹೆತ್ತವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಪಠ್ಯಪುಸ್ತಕ, ಅಧ್ಯಾಪಕರ ನೇಮಕ, ಬಸ್ಸಿನ ಸಮಯ ಇವುಗಳ ಸುತ್ತ ಇರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ, ತಗ್ಗಿದ ದನಿಯಲ್ಲಿ, ಹೆಚ್ಚಾಗಿ ತಾಯಂದಿರಿಂದ, ತರಗತಿಯ ಬಾಗಿಲ ಬಳಿ ಕೇಳಿಬರುತ್ತಿದೆ. "ಮಾಸ್ಟ್ರೇ, ಇವನನ್ನು ಈಗ ಹೋಗುವ ಥೆರಪಿಯಿಂದ ಬಿಡಿಸಿ ಬೇರೆ ಕಡೆ ಸೇರಿಸಬೇಕಾಗಿದೆ. ಎಲ್ಲಿಗೆ ಕರೆದುಕೊಂಡು ಹೋಗುವುದು?"

ಈ ಬದಲಾವಣೆಯನ್ನು ಹೆತ್ತವರು ಬಯಸಿ ತಂದುಕೊಳ್ಳುವುದು ವಿರಳ. ಶಾಲೆಗಳಿಗೆ ಬಿ.ಆರ್.ಸಿ. ಮೂಲಕ ಬರುವ ವಿಶೇಷ ಶಿಕ್ಷಕರು ಸಮಗ್ರ ಶಿಕ್ಷಾ ಯೋಜನೆಯಡಿ ಗುತ್ತಿಗೆ ಆಧಾರದಲ್ಲಿ ದುಡಿಯುವವರು. ಅನುದಾನ ನಿಂತರೆ ಅವರ ಸಂಬಳವೂ ನಿಲ್ಲುತ್ತದೆ. ಪಿ.ಎಂ.ಶ್ರೀ ಯೋಜನೆಯ ವಿಚಾರದಲ್ಲಿ ಕೇಂದ್ರ ಮತ್ತು ಕೇರಳ ಸರಕಾರಗಳ ನಡುವೆ ಎದ್ದ ವಿವಾದದಲ್ಲಿ ಸಮಗ್ರ ಶಿಕ್ಷಾ ಅನುದಾನವೇ ತಡೆಹಿಡಿಯಲ್ಪಟ್ಟುದನ್ನು ನಾವು ಕಂಡಿದ್ದೇವೆ. ಕುಟುಂಬಶ್ರೀಯ ಆಸರೆಯಲ್ಲಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಲ್ಲಿ ಮಗುವಿಗೆ 18 ವರ್ಷ ತುಂಬಿದೊಡನೆ ಶಾಲೆಯಿಂದ ಪುನರ್ವಸತಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಎಷ್ಟೋ ಬಾರಿ ಕಾರಣ ಇನ್ನೂ ಸರಳ: ಮಗುವನ್ನು ಚೆನ್ನಾಗಿ ಬಲ್ಲ ಥೆರಪಿಸ್ಟ್ ಒಬ್ಬರು ಬೇರೆ ಉದ್ಯೋಗ ಸಿಕ್ಕಿ ಹೊರಟುಹೋಗುತ್ತಾರೆ.

ಬೇರೆ ಕಡೆ ಇಂತಹ ಬದಲಾವಣೆಯೆಂದರೆ ಹೊಸ ಮುಖ, ಹೊಸ ಕೊಠಡಿ, ಕೆಲವು ವಾರಗಳ ಅಳು. ಗಡಿನಾಡಿನಲ್ಲಿ ಅದರ ಜತೆಗೆ ಭಾಷೆಯೂ ಬದಲಾಗುತ್ತದೆ. ಆ ನಷ್ಟ ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ಎರಡು ವರ್ಷಗಳ ಹಿಂದಿನ ಸಂಗತಿ. ನಮ್ಮ ಶಾಲೆಯ ಬಾಲಕನೊಬ್ಬನಿಗೆ ತುಳು, ಕನ್ನಡ ಎರಡನ್ನೂ ಬಲ್ಲ ಥೆರಪಿಸ್ಟ್ ಇದ್ದರು. ಅವರು ಬಿಟ್ಟುಹೋದ ಮೇಲೆ ಅವನನ್ನು ಮತ್ತೊಂದು ಕೇಂದ್ರಕ್ಕೆ ಸೇರಿಸಲಾಯಿತು. ಮೊದಲ ಮೌಲ್ಯಮಾಪನದ ದಿನ ತಾಯಿಯ ಕೋರಿಕೆಯ ಮೇರೆಗೆ ನಾನೂ ಜತೆಗೆ ಹೋಗಿದ್ದೆ. ಅರೆತೆರೆದ ಬಾಗಿಲಿನಿಂದ ಎಲ್ಲವೂ ಕೇಳುತ್ತಿತ್ತು. ಅಲ್ಲಿದ್ದವರು ಮಲಯಾಳದಲ್ಲಿ "ಇರಿಕ್ಕ್" ಎಂದರು, ಅಂದರೆ ಕುಳಿತುಕೋ ಎಂದು. ಮಗುವಿನ ಕಿವಿಗೆ ಅದು "ಇರು" ಎಂದು ಕೇಳಿಸಿರಬೇಕು. ಅವನು ನಿಂತಲ್ಲೇ ನಿಂತ. ಚಿತ್ರಗಳನ್ನು ಹರಡಿ "ಪೂಚ್ಚ ಎಲ್ಲಿ" ಎಂದಾಗ ಬೆಕ್ಕಿನ ಮೇಲೆ ಥಟ್ಟನೆ ಬೆರಳಿಟ್ಟ, ಏಕೆಂದರೆ ಮನೆಯ ತುಳುವಿನಲ್ಲಿ ಅದು ಪುಚ್ಚೆ. "ಚೋರ್" ಎಂದಾಗ ಮಾತ್ರ ಸುಮ್ಮನಾದ. ಅವನಿಗೆ ಮನೆಯಲ್ಲಿ ಅದು ನುಪ್ಪು, ಶಾಲೆಯ ಊಟದ ಸಾಲಿನಲ್ಲಿ ಅನ್ನ. ವರದಿ ಬಂದಾಗ ಅದರಲ್ಲಿ ಹೀಗಿತ್ತು: ಸರಳ ಸೂಚನೆಗಳನ್ನು ಪಾಲಿಸುವುದಿಲ್ಲ, ದಿನಬಳಕೆಯ ವಸ್ತುಗಳನ್ನು ಗುರುತಿಸುವುದು ಅನಿಶ್ಚಿತ.

ಆ ಥೆರಪಿಸ್ಟರನ್ನು ದೂಷಿಸಲಾರೆ. ತಾಳ್ಮೆಯುಳ್ಳವರು, ಮಗುವಿನ ಮನೆಮಾತು ಯಾವುದೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ, ಅರ್ಜಿಯಲ್ಲಿ ಅದಕ್ಕೊಂದು ಕಾಲಮೂ ಇರಲಿಲ್ಲ. ಆದರೆ ವರದಿಯನ್ನು ಆಧರಿಸಿ ಗುರಿಗಳನ್ನು ನಿಗದಿಪಡಿಸಲಾಗುತ್ತದೆ. ಎರಡು ವರ್ಷಗಳಲ್ಲಿ ಏರಿದ ಮೆಟ್ಟಿಲುಗಳನ್ನು ಇಳಿದು ಮೊದಲ ಮೆಟ್ಟಿಲಿನಿಂದ ಆರಂಭಿಸಿದ ಆ ಬಾಲಕ ಅರ್ಧ ವರ್ಷವನ್ನು ಕಳೆದುಕೊಂಡ. ಬಳಿಕ ನಾವು ಅವನಿಗೆ ಗೊತ್ತಿರುವ ಪದಗಳನ್ನು, ಅವನು ಪಾಲಿಸುವ ಸೂಚನೆಗಳನ್ನು ಎರಡು ಪುಟಗಳಲ್ಲಿ ಬರೆದು, ಮಲಯಾಳ ಬಲ್ಲ ಸಹೋದ್ಯೋಗಿಯಿಂದ ಎದುರಿಗೆ ಅರ್ಥ ಬರೆಸಿ ಕೊಟ್ಟೆವು. ಮರುಮೌಲ್ಯಮಾಪನದಲ್ಲಿ ತಾಯಿ ಒಳಗೆ ಕುಳಿತು ಸೂಚನೆಗಳನ್ನು ತುಳುವಿನಲ್ಲಿ ಹೇಳಲು ಅವರು ಸಮ್ಮತಿಸಿದರು. ಎರಡನೆಯ ವರದಿಯನ್ನು ಓದಿದವರು ಅದು ಬೇರೊಂದು ಮಗುವಿನದೆಂದು ಭಾವಿಸಿಯಾರು.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ಸಂವಿಧಾನದ 350ಎ ವಿಧಿ, 1956ರ ಏಳನೆಯ ತಿದ್ದುಪಡಿಯ ಮೂಲಕ ಬಂದದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಬೇಕೆಂದು ಹೇಳುತ್ತದೆ. ಇನ್ನೊಂದೆಡೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ ತಾವು ಆಯ್ದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಅದೇ ಕಾಯ್ದೆಯ 16ನೆಯ ಕಲಮು ತಕ್ಕ ಭಾಷೆಯಲ್ಲಿ ಶಿಕ್ಷಣ ನೀಡಬೇಕೆಂಬ ಮಾತನ್ನು ಅಂಧ ಮತ್ತು ಕಿವುಡ ಮಕ್ಕಳ ಕುರಿತಾಗಿ ಆಡುತ್ತದೆ. ಅಲ್ಲಿ ಮನಸ್ಸಿನಲ್ಲಿರುವುದು ಬ್ರೈಲ್ ಮತ್ತು ಸಂಜ್ಞಾಭಾಷೆ. ಬೌದ್ಧಿಕ ವೈಕಲ್ಯವೋ ಆಟಿಸಮೋ ಇರುವ, ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ ಅಥವಾ ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗು ಈ ಎರಡು ಕಾನೂನುಗಳ ನಡುವಿನ ಸಂದಿನಲ್ಲಿ ನಿಂತಿದೆ. ಭಾಷೆಯ ಕಾನೂನಿಗೆ ಅದರ ವೈಕಲ್ಯ ಕಾಣುವುದಿಲ್ಲ, ವೈಕಲ್ಯದ ಕಾನೂನಿಗೆ ಅದರ ಭಾಷೆ ಕೇಳುವುದಿಲ್ಲ.

ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕ ಮೊದಲಾದ ಪಂಚಾಯತುಗಳಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಎಂಡೋಸಲ್ಫಾನ್ ಬಾಧಿತವೆಂದು ಸರಕಾರವೇ ಗುರುತಿಸಿದ 11 ಪಂಚಾಯತುಗಳಲ್ಲಿ ಕನ್ನಡ, ತುಳು ಮನೆಮಾತಾಗಿರುವ ಈ ಐದೂ ಸೇರಿವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ಕಾಲದ ಕಥೆಯನ್ನು ಇಲ್ಲಿನ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿದಾಗ, ಜೀವನಪರ್ಯಂತ ವೈದ್ಯಕೀಯ ನೆರವಿನ ಏರ್ಪಾಟನ್ನೂ ಪರಿಗಣಿಸುವಂತೆ ಸೂಚಿಸಿತ್ತು. ಪರಿಹಾರದ ಹಣಕ್ಕಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು, ನಡೆಯಲೇಬೇಕಿತ್ತು. ಆದರೆ ಜೀವನಪರ್ಯಂತದ ನೆರವು ಯಾವ ಭಾಷೆಯಲ್ಲಿ ದೊರೆಯಬೇಕೆಂದು ನಾವು ಕೇಳಲಿಲ್ಲ.

ಮಂಗಳೂರಿಗೆ ಹೋಗಬಹುದಲ್ಲ ಎಂದು ಹಲವರು ಹೇಳುತ್ತಾರೆ. ಹೋಗುತ್ತಲೂ ಇದ್ದೇವೆ, ಅಲ್ಲಿ ಮಗುವಿನ ಮಾತು ಅರ್ಥವಾಗುತ್ತದೆ. 2016ರ ಕಾಯ್ದೆಯ 58ನೆಯ ಕಲಮಿನಂತೆ ವೈಕಲ್ಯ ಪ್ರಮಾಣಪತ್ರಕ್ಕೆ ದೇಶದೆಲ್ಲೆಡೆ ಮಾನ್ಯತೆಯಿದೆ, ಯು.ಡಿ.ಐ.ಡಿ. ಕಾರ್ಡು ತಲಪಾಡಿಯ ಆಚೆಗೂ ಸಲ್ಲುತ್ತದೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ, ಅಂದರೆ ಆಟಿಸಮ್, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಉಳ್ಳವರಿಗಾಗಿ ಇರುವ 1 ಲಕ್ಷ ರೂಪಾಯಿಯ ರಕ್ಷಣೆ, ಕೇಂದ್ರದ ಯೋಜನೆಯಾದುದರಿಂದ ಗಡಿಯನ್ನು ನೋಡುವುದಿಲ್ಲ. ಖರ್ಚನ್ನು ಮೊದಲು ನಾವೇ ಭರಿಸಿ ಬಿಲ್ಲು ಸಲ್ಲಿಸಬೇಕಷ್ಟೆ. ಆದರೆ ಕೇರಳದ ಪಿಂಚಣಿ, ಆರೈಕೆ ಮಾಡುವವರಿಗೆ ಸಿಗುವ ಆಶ್ವಾಸಕಿರಣದ ತಿಂಗಳ 600 ರೂಪಾಯಿ, ಬಡ್ಸ್ ಶಾಲೆಯ ವಾಹನ ಇವು ಗಡಿ ದಾಟುವುದಿಲ್ಲ. ವಾರಕ್ಕೆ ಎರಡು ಬಾರಿ ಮಂಗಳೂರಿಗೆ ಹೋಗಿಬರುವ ತಾಯಿಯ ದಿನಗೂಲಿಯ ಲೆಕ್ಕವನ್ನು ಯಾರೂ ಹಾಕುವುದಿಲ್ಲ. 2020ರ ವಸಂತದಲ್ಲಿ ತಲಪಾಡಿಯ ರಸ್ತೆಯನ್ನೇ ಮುಚ್ಚಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಿದ ದಿನಗಳನ್ನು ಮರೆತವರು ಮಾತ್ರ ಮಂಗಳೂರೊಂದೇ ಸಾಕೆನ್ನಬಹುದು.

ಹಾಗಾಗಿ ಕೇಂದ್ರ ಬದಲಿಸಲೇಬೇಕಾದವರಿಗೆ ನಾನು ಹೇಳುವುದು ಇಷ್ಟು. ಹಳೆಯ ಕೇಂದ್ರ ಬಿಡುವ ಮುನ್ನ ಇದುವರೆಗಿನ ಎಲ್ಲ ಮೌಲ್ಯಮಾಪನ ವರದಿಗಳ ಪ್ರತಿಯನ್ನು, ಸದ್ಯ ಯಾವ ಗುರಿಗಳ ಮೇಲೆ ಕೆಲಸ ನಡೆಯುತ್ತಿದೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಬಾಯಿಮಾತಿನ "ಚೆನ್ನಾಗಿ ಕಲಿಯುತ್ತಿದ್ದಾನೆ" ಎಂಬುದು ಹೊಸ ಕೇಂದ್ರದಲ್ಲಿ ಉಪಯೋಗಕ್ಕೆ ಬಾರದು. ಶಾಲೆಯಲ್ಲಿ ಮಗುವಿಗಾಗಿ ತಯಾರಿಸಿದ ವೈಯಕ್ತಿಕ ಶಿಕ್ಷಣ ಯೋಜನೆಯ ಪ್ರತಿಯನ್ನೂ ಜತೆಗಿಡಿ. ಸಾಧ್ಯವಿದ್ದರೆ ಕೆಲವು ವಾರ ಎರಡೂ ಕಡೆ ನಡೆಯಲಿ. ಹೊಸಬರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಲು ಸಂಕೋಚ ಬೇಡ; ಒಳ್ಳೆಯವರು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಮೊದಲ ಮೌಲ್ಯಮಾಪನದ ದಿನವೇ, ಸೂಚನೆಗಳನ್ನು ಮನೆಮಾತಿನಲ್ಲಿ ಹೇಳಲು ಒಳಗೆ ಕುಳಿತುಕೊಳ್ಳುತ್ತೇನೆಂದು ಕೇಳಿ, ಯಾವ ಭಾಷೆಯಲ್ಲಿ ಪರೀಕ್ಷಿಸಲಾಯಿತೆಂದು ವರದಿಯಲ್ಲಿ ಬರೆಸಿ. ಆ ಒಂದು ಸಾಲು ಮುಂದೆ ಆ ವರದಿಯನ್ನು ಪ್ರಶ್ನಿಸಲು ಆಧಾರವಾಗುತ್ತದೆ. ಇನ್ನು 18 ತುಂಬಲಿರುವವರ ಹೆತ್ತವರು ಕೇಂದ್ರದ ಬದಲಾವಣೆಯೊಂದಿಗೆ ಕಾನೂನುಬದ್ಧ ಪಾಲಕತ್ವದ ಅರ್ಜಿಯನ್ನೂ ಯೋಚಿಸಬೇಕು. ನಿರಾಮಯ ಸಿಗುವ ಆ ನಾಲ್ಕು ಬಗೆಯ ವೈಕಲ್ಯಗಳಿಗೆ ಅದನ್ನು ಜಿಲ್ಲಾಧಿಕಾರಿಗಳು ಮುಖ್ಯಸ್ಥರಾಗಿರುವ ಸ್ಥಳೀಯ ಸಮಿತಿ ಪರಿಶೀಲಿಸುತ್ತದೆ.

ಒಬ್ಬೊಬ್ಬ ತಾಯಿ ಒಂದೊಂದು ಬಾಗಿಲು ತಟ್ಟಿ ಪಡೆಯಬೇಕಾದುದು ಇದಲ್ಲ ಎಂಬುದೂ ನಿಜ. ಇಲ್ಲಿ ನಮ್ಮ ಚಳವಳಿಯ ತಪ್ಪನ್ನೂ ಹೇಳಬೇಕು. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ಶಾಲೆಗಳಿಗೆ ನೇಮಿಸಿದಾಗಲೆಲ್ಲ ನಾವು ಬೀದಿಗಿಳಿದಿದ್ದೇವೆ. ಗಣಿತಕ್ಕೆ, ವಿಜ್ಞಾನಕ್ಕೆ, ಸಮಾಜಕ್ಕೆ ಕನ್ನಡ ಬಲ್ಲವರೇ ಬೇಕೆಂದು ಮನವಿಗಳ ಮೇಲೆ ಮನವಿ ಕೊಟ್ಟಿದ್ದೇವೆ. ನಾನೇ ಬರೆದುಕೊಟ್ಟ ಮನವಿಗಳನ್ನು ಮೊನ್ನೆ ತಿರುವಿ ನೋಡಿದೆ. ಒಂದರಲ್ಲಿಯೂ ವಿಶೇಷ ಶಿಕ್ಷಕ, ಸ್ಪೀಚ್ ಥೆರಪಿಸ್ಟ್ ಎಂಬ ಪದಗಳಿಲ್ಲ. ಮಾತನ್ನೇ ಕಲಿಸಬೇಕಾದ ಹುದ್ದೆಯಲ್ಲಿ ಮಾತು ತಿಳಿದವರು ಬೇಕೆಂಬುದು ನಮಗೆ ಹೊಳೆಯಲಿಲ್ಲ.

ಕೇಳಲು ಈಗ ಸಂದರ್ಭವೂ ಇದೆ. ಸರ್ವೋಚ್ಚ ನ್ಯಾಯಾಲಯವು 2021ರ ತೀರ್ಪಿನಲ್ಲಿ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಎತ್ತಿಹಿಡಿಯಿತು. 2025ರ ಮಾರ್ಚಿನಲ್ಲಿ ಹುದ್ದೆಗಳನ್ನು ಅಧಿಸೂಚಿಸಿ ಖಾಯಂ ನೇಮಕಾತಿಗೆ ಮುಂದಾಗುವಂತೆ ರಾಜ್ಯಗಳಿಗೆ ಆದೇಶಿಸಿತು. ಹುದ್ದೆಗಳು ರೂಪುಗೊಳ್ಳುವ ಹಂತದಲ್ಲಿಯೇ ಭಾಷಾ ಅರ್ಹತೆ ಸೇರದಿದ್ದರೆ ಅನಂತರ ಸೇರಿಸುವುದು ಎಷ್ಟು ಕಷ್ಟವೆಂಬುದು ಕನ್ನಡ ಅಧ್ಯಾಪಕರ ವಿಷಯದಲ್ಲಿ ನಮಗೆ ಚೆನ್ನಾಗಿ ತಿಳಿದಿದೆ. ಇದು ಅಸಾಧ್ಯದ ಬೇಡಿಕೆಯೂ ಅಲ್ಲ. ಕಾಸರಗೋಡು ಜಿಲ್ಲೆಗೆ ಮಲಯಾಳ ಮತ್ತು ಕನ್ನಡ ಎರಡನ್ನೂ ಬಲ್ಲ ಎಲ್.ಡಿ. ಕ್ಲರ್ಕ್ ಹುದ್ದೆಗೆ ಪಿ.ಎಸ್.ಸಿ. ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಕಚೇರಿಗೆ ಬರುವ ಅರ್ಜಿಯನ್ನು ಓದುವವರಿಗೆ ಎರಡು ಭಾಷೆ ಬೇಕೆಂದು ಸರಕಾರ ಒಪ್ಪಿರುವಾಗ, ಮಗುವಿನ ಮೊದಲ ಪದವನ್ನು ಕೇಳಿಸಿಕೊಳ್ಳಬೇಕಾದವರಿಗೆ ಬೇಡವೆನ್ನಲು ಯಾವ ಕಾರಣವಿದೆ?

ಪಂಚಾಯತ್ ಮಟ್ಟದಲ್ಲಿ ದಾರಿ ಇನ್ನೂ ಹತ್ತಿರದ್ದು. ಮಕ್ಕಳು, ವೃದ್ಧರು, ಭಿನ್ನ ಸಾಮರ್ಥ್ಯದವರಿಗಾಗಿ ಸ್ಥಳೀಯಾಡಳಿತ ಸಂಸ್ಥೆಗಳು ವಾರ್ಷಿಕ ಯೋಜನೆಯ ಒಂದು ಪಾಲನ್ನು ಮೀಸಲಿಡಬೇಕು, ಅದಕ್ಕೆ ಮುನ್ನ ಭಿನ್ನ ಸಾಮರ್ಥ್ಯದವರ ವಿಶೇಷ ಗ್ರಾಮಸಭೆಯೂ ನಡೆಯುತ್ತದೆ. ಬಡ್ಸ್ ಶಾಲೆಯ ಥೆರಪಿಸ್ಟ್ ಅಥವಾ ಆಯಾ, ಇಬ್ಬರಲ್ಲಿ ಒಬ್ಬರಿಗಾದರೂ ಕನ್ನಡ, ತುಳು ತಿಳಿದಿರಬೇಕು, ಪ್ರವೇಶದ ಅರ್ಜಿಯಲ್ಲಿ ಮನೆಮಾತಿನ ಕಾಲಮ್ ಇರಬೇಕು ಎಂಬ ನಿರ್ಣಯವನ್ನು ಅಲ್ಲಿ ಬರೆಸಬಹುದು. ಕಳೆದ ಬಾರಿ ಆ ಸಭೆಗೆ ನಮ್ಮ ಶಾಲೆಯಿಂದ ಹೋದ ಹೆತ್ತವರು ಮೂವರು. ಅವರಲ್ಲಿ ಒಬ್ಬರು ಆ ಬಾಲಕನ ತಾಯಿ.