ಚಾತುರ್ಮಾಸದ ಕೆಸರಿನಲ್ಲಿ ಶ್ರಾವಕನ ಸವಾರಿ

ಆಷಾಢದ ಮಳೆ ಹಿಡಿಯಿತೆಂದರೆ ಮುನಿಸಂಘಗಳ ವಿಹಾರ ನಿಲ್ಲುತ್ತದೆ. ಉಳಿದ ತಿಂಗಳುಗಳಲ್ಲಿ ಬರಿಗಾಲಿನಲ್ಲಿ ಊರಿಂದೂರಿಗೆ ನಡೆಯುವ ತ್ಯಾಗಿಗಳು ಕಾರ್ತಿಕದವರೆಗೆ ಒಂದೆಡೆ ನೆಲೆನಿಲ್ಲುತ್ತಾರೆ. ಇದರ ಕಾರಣ ಪ್ರತಿಯೊಬ್ಬ ಶ್ರಾವಕನಿಗೂ ತಿಳಿದದ್ದೇ. ನೆಲ ನೆನೆದೊಡನೆ ಹಸಿರು ಚಿಗುರುತ್ತದೆ, ಮಣ್ಣಿನೊಳಗಿನ ಜೀವರಾಶಿ ಮೇಲಕ್ಕೆ ಬರುತ್ತದೆ. ಕಾಲಿಟ್ಟಲ್ಲೆಲ್ಲ ಹಿಂಸೆಯ ಸಂಭವ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯುಳ್ಳವರೇ ಈ ಕಾಲದಲ್ಲಿ ತಮ್ಮ ನಡಿಗೆಯನ್ನು ನಂಬುವುದಿಲ್ಲ.

ಅದೇ ತಿಂಗಳುಗಳಲ್ಲಿ ಅವರ ಶ್ರಾವಕರು ಮಾಡುತ್ತಿರುವುದೇನು? ಹೊಂಬುಜ, ವರಂಗ, ಕಾರ್ಕಳಗಳ ದರ್ಶನಕ್ಕೆಂದು ಹೊರಟ ಕುಟುಂಬಗಳು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಮಲೆನಾಡಿನ ರೆಸಾರ್ಟುಗಳಲ್ಲಿ ತಂಗುವುದು ಇಂದು ಅಪರೂಪವಲ್ಲ. ಅಲ್ಲಿ ಎ.ಟಿ.ವಿ. ಎಂಬ ನಾಲ್ಕು ದಪ್ಪ ಗಾಲಿಗಳ ಯಂತ್ರ ಕಾದಿರುತ್ತದೆ. ಕಾಫಿ ತೋಟದ ಅಂಚು, ಹುಲ್ಲುಗುಡ್ಡದ ಓರೆ, ಹಳ್ಳದ ದಂಡೆಗಳೇ ಅದರ ಹಾದಿ. ಬೇಸಿಗೆಯ ಧೂಳಿಗಿಂತ ಮಳೆಗಾಲದ ಕೆಸರು ಹೆಚ್ಚು ಸೊಗಸೆಂದು ಸವಾರರ ಮತ. ಮುನಿಗಳು ಯಾವ ನೆಲವನ್ನು ಯಾವ ಋತುವಿನಲ್ಲಿ ಮೆಟ್ಟಲಂಜುವರೋ, ಆ ನೆಲವನ್ನು ಆ ಋತುವಿನಲ್ಲಿಯೇ ಹಣಕೊಟ್ಟು ಕಲಕುವುದು ವಿನೋದವೆನಿಸಿದೆ.

ಈ ಯಂತ್ರದ ಸ್ವಭಾವವನ್ನು ಅರಿಯದೆ ಅದರ ದೋಷ ತಿಳಿಯದು. ಹೆಬ್ಬೆರಳಿನಿಂದ ಒಂದು ಕೀಲನ್ನು ಒತ್ತಿದರೆ ಸಾಕು, ವಾಹನ ಮುನ್ನುಗ್ಗುತ್ತದೆ. ಟೈರುಗಳಲ್ಲಿ ಗಾಳಿ ಬಹಳ ಕಡಿಮೆ. ಮೇಲ್ಮೈಯಲ್ಲಿ ನೆಲವನ್ನು ಕಚ್ಚಿ ಹಿಡಿಯುವ ಉಬ್ಬುಗಳಿರುತ್ತವೆ. ಅನೇಕ ಮಾದರಿಗಳಲ್ಲಿ ಹಿಂದಿನ ಎರಡು ಗಾಲಿಗಳೂ ಒಂದೇ ಗಟ್ಟಿ ಅಚ್ಚಿಗೆ ಬಿಗಿದಿರುವುದರಿಂದ ತಿರುವಿನಲ್ಲಿ ಒಂದು ಗಾಲಿ ಜಾರಿ ಮಣ್ಣನ್ನು ಕೆರೆಯಲೇಬೇಕು. ಹುಲ್ಲಿನ ಬೇರು ಕಿತ್ತ ಇಳಿಜಾರಿನಲ್ಲಿ ಗಾಲಿಯ ಗುರುತೇ ನೀರಿನ ಕಾಲುವೆಯಾಗುತ್ತದೆ. ಒಂದೆರಡು ಜಡಿಮಳೆಗೆ ಕಾಲುವೆ ಕೊರಕಲಾಗುತ್ತದೆ. ಕೊಚ್ಚಿದ ಮಣ್ಣು ಕೆಳಗಿನ ಹಳ್ಳವನ್ನು ಸೇರುತ್ತದೆ.

ಆ ಮಣ್ಣು ನಿರ್ಜೀವವೆಂದು ಜೈನನು ಹೇಳಲಾರನು. ಪೃಥ್ವೀಕಾಯಿಕ, ಜಲಕಾಯಿಕ, ವನಸ್ಪತಿಕಾಯಿಕಗಳ ಮಾತು ಒತ್ತಟ್ಟಿಗಿರಲಿ. ಎರೆಹುಳು, ಇರುವೆ, ಜೀರುಂಡೆಗಳು ಕಣ್ಣಿಗೆ ಕಾಣುವ ತ್ರಸಜೀವಿಗಳು. ಪಶ್ಚಿಮ ಘಟ್ಟದ ಅನೇಕ ಕಪ್ಪೆಗಳು ಸಂತಾನಕ್ಕೆ ಕಾಯುವುದೇ ಈ ಮಳೆಗಾಗಿ. ಕೆಲವು ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳಗಳಲ್ಲಿ ಕಂಡು 2014ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಕುಂಬಾರ ಕಪ್ಪೆಯು ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತಿ ಕಾಪಾಡುತ್ತದೆ. ಅಂಗೈಯಗಲದ ಇಂತಹ ಸಂಸಾರಗಳು ಹಳ್ಳದಂಚಿನಲ್ಲಿ ಎಷ್ಟಿವೆಯೆಂದು ಸವಾರನು ಇಳಿದು ನೋಡುವುದುಂಟೆ?

ಗೃಹಸ್ಥನಿಗೆ ಹಿಂಸೆಯನ್ನು ಪೂರ್ಣವಾಗಿ ಬಿಡಲು ಆಗದೆಂಬುದನ್ನು ಆಚಾರ್ಯರು ಬಲ್ಲರು. ಅಡುಗೆ, ಕೃಷಿ, ವ್ಯಾಪಾರ, ಆತ್ಮರಕ್ಷಣೆಗಳಲ್ಲಿ ಆಗುವ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ತಗ್ಗಿಸಬೇಕೆಂದರು, ಅಸಾಧ್ಯವನ್ನು ವಿಧಿಸಲಿಲ್ಲ. ಆದರೆ ಪ್ರಯೋಜನವಿಲ್ಲದ ಹಿಂಸೆಗೆ ಅವರು ಬೇರೆಯೇ ಹೆಸರಿಟ್ಟು ಅನರ್ಥದಂಡವ್ರತವನ್ನು ಗುಣವ್ರತಗಳಲ್ಲಿ ಸೇರಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುತ್ತ, ವೃಥಾ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಸಸ್ಯಗಳನ್ನು ಕಡಿಯುವುದು ಇವುಗಳೊಡನೆ ವೃಥಾ ಅಲೆಯುವುದನ್ನೂ ಅನ್ಯರನ್ನು ಅಲೆಸುವುದನ್ನೂ ಎಣಿಸಿದ್ದಾರೆ. ಎಂಜಿನ್ನಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ ಬರೆದ ಆ ಪಟ್ಟಿಯಲ್ಲಿ ಇಂದಿನ ಈ ಸವಾರಿಗೆ ಹೊರತಾದ ಅಂಶ ಯಾವುದಿದೆ? ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನ. ತಮ್ಮ ತೋಟದಲ್ಲಿ ಈ ಯಂತ್ರಗಳನ್ನು ಬಾಡಿಗೆಗೆ ಓಡಿಸುವ ಸ್ವಧರ್ಮೀಯರಿದ್ದರೆ ಅವರು ಆ ಮಾತನ್ನೂ ಓದಿಕೊಳ್ಳಲಿ.

ಕಾರಿನಲ್ಲಿ ಬಂದವರಿಗೆ ಎ.ಟಿ.ವಿ. ಮಾತ್ರ ಪಾಪವೇ ಎಂಬ ಆಕ್ಷೇಪ ಏಳುತ್ತದೆ. ಕಾರಿನಿಂದಲೂ ಹಿಂಸೆಯಾಗುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕಾರು ರಸ್ತೆಯಲ್ಲಿ ಓಡುತ್ತದೆ, ಒಂದೆಡೆ ತಲಪಲೆಂದು ಓಡುತ್ತದೆ. ಎ.ಟಿ.ವಿ. ವಿಹಾರಕ್ಕೆ ತಲಪಬೇಕಾದ ಸ್ಥಳವೇ ಇಲ್ಲ. ಹೊರಟಲ್ಲಿಗೇ ಮರಳುವ ಆ ಓಟದಲ್ಲಿ ನೆಲವನ್ನು ಕಲಕುವುದೇ ಆನಂದ. ವೃದ್ಧರು ಬೆಟ್ಟದ ಸೊಬಗನ್ನು ನೋಡುವುದು ಬೇಡವೇ ಎಂದು ಕೆಲವರು ಕೇಳುತ್ತಾರೆ. ಇರುವ ರಸ್ತೆಯಲ್ಲಿ ಜೀಪು ಸಾಕು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಲಾರದವರಿಗೆ ಡೋಲಿಯುಂಟು. ಅದಕ್ಕಾಗಿ ಬೆಟ್ಟಕ್ಕೆ ಗಾಲಿಯ ಗುರುತು ಬೀಳಲಿಲ್ಲ. ಸ್ಥಳೀಯರ ಜೀವನೋಪಾಯದ ಮಾತೂ ಬರುತ್ತದೆ. ಹಕ್ಕಿ, ಮರ, ಹಳ್ಳಗಳನ್ನು ಬಲ್ಲ ಊರಿನ ಯುವಕರಿಗೆ ಅದೇ ಹಣವನ್ನು ಕೊಟ್ಟು ಅವರ ಹಿಂದೆ ಕಾಲುಹಾದಿಯಲ್ಲಿ ನಡೆದರೆ ಯಾರ ಅನ್ನಕ್ಕೂ ಕೊರತೆಯಾಗದು.

ಎಲ್ಲಕ್ಕೂ ಬೇಡವೆಂದರೆ ಯುವಪೀಳಿಗೆ ಧರ್ಮದಿಂದಲೇ ದೂರವಾದೀತೆಂಬ ಭಯ ಹಲವು ಹಿರಿಯರಲ್ಲಿದೆ. ಈ ಭಯವೇ ಹೆಚ್ಚು ಅಪಾಯಕಾರಿ. ರಾತ್ರಿಭೋಜನವನ್ನೂ ಕಂದಮೂಲವನ್ನೂ ತ್ಯಜಿಸಬೇಕೆಂದು ಕಲಿತ ಮಗು, ಗಡ್ಡೆಯಲ್ಲಿ ಜೀವವಿದ್ದರೆ ಅದು ಬೆಳೆಯುವ ಮಣ್ಣಿನಲ್ಲಿಲ್ಲವೇ ಎಂದು ಒಂದು ದಿನ ಕೇಳುತ್ತದೆ. ಆಗ ಹಿರಿಯರಲ್ಲಿ ಉತ್ತರವಿರಬೇಕು. ತಟ್ಟೆಯಲ್ಲಿ ಅಹಿಂಸೆ, ಬೆಟ್ಟದಲ್ಲಿ ವಿನೋದ ಎಂಬ ಇಬ್ಬಂದಿತನವನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ಅವರನ್ನು ಧರ್ಮದಿಂದ ದೂರಮಾಡುವುದು ಅದೇ.

ಅಹಿಂಸಾವ್ರತದ ಕಟ್ಟಿಲ್ಲದ ದೇಶಗಳೂ ಈ ವಿಷಯದಲ್ಲಿ ಎಚ್ಚೆತ್ತಿವೆ. ಇಂತಹ ವಾಹನ ಮೊದಲು ಮೂರು ಗಾಲಿಗಳೊಡನೆ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಎರಡೇ ವರ್ಷಗಳಲ್ಲಿ, 1972ರಲ್ಲಿ, ಅಲ್ಲಿನ ಅಧ್ಯಕ್ಷರು ರಸ್ತೆ ಬಿಟ್ಟು ಓಡುವ ವಾಹನಗಳು ಸರ್ಕಾರಿ ಭೂಮಿಯಲ್ಲಿ ಎಲ್ಲಿ ಓಡಬಹುದು, ಎಲ್ಲಿ ಕೂಡದೆಂದು ಗೊತ್ತುಪಡಿಸಲು ಆಜ್ಞೆ ಹೊರಡಿಸಬೇಕಾಯಿತು. 1977ರಲ್ಲಿ ಆ ಆಜ್ಞೆ ಇನ್ನಷ್ಟು ಬಿಗಿಯಾಯಿತು. ಪಶ್ಚಿಮ ಘಟ್ಟವು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಘಟ್ಟದ ಮಡಿಲಲ್ಲಿಯೇ ಬಸದಿಗಳನ್ನು ಕಟ್ಟಿದ ಸಮಾಜಕ್ಕೆ ಸರ್ಕಾರದ ಆಜ್ಞೆ ಬರುವವರೆಗೆ ಕಾಯುವ ಅಗತ್ಯವಿಲ್ಲ.

ಬಸದಿಗಳ ಟ್ರಸ್ಟುಗಳು ತಾವು ಏರ್ಪಡಿಸುವ ಯಾತ್ರೆ ಮತ್ತು ಯುವಶಿಬಿರಗಳಲ್ಲಿ ಇಂತಹ ಸವಾರಿಗೆ ಎಡೆಯಿಲ್ಲವೆಂದು ಈ ಚಾತುರ್ಮಾಸದೊಳಗೆ ನಿರ್ಣಯ ಮಾಡಲಿ. ತೋಟವುಳ್ಳವರು ತಮ್ಮ ನೆಲದಲ್ಲಿ ಅದನ್ನು ನಿಲ್ಲಿಸಲಿ. ಕುಟುಂಬಗಳು ಬೆಟ್ಟಕ್ಕೆ ಅಗತ್ಯವಾಗಿ ಹೋಗಲಿ, ಮಕ್ಕಳನ್ನೂ ಕರೆದೊಯ್ಯಲಿ. ಹಾದಿಯಲ್ಲಿ ನಡೆಯಲಿ, ನಿಂತು ನೋಡಲಿ. ಮೈಮೇಲೆ ಬಳ್ಳಿ ಹಬ್ಬುವವರೆಗೆ ಕದಲದೆ ನಿಂತ ಬಾಹುಬಲಿಯ ಭಕ್ತರಿಗೆ ಬೆಟ್ಟದ ಮೇಲೆ ಅರೆಗಳಿಗೆ ಸುಮ್ಮನೆ ನಿಲ್ಲುವುದು ಕಷ್ಟವಾಗಬಾರದು.