ಏಲಿಯನ್ನೋ, ಮೈಕ್ರೋವೇವ್ ಓವನ್ನೋ?

ಭೂಮಿಯ ಆಚೆ ಎಲ್ಲಾದ್ರೂ ಜೀವ ಇದೆಯಾ ಅಂತ ಕೇಳಿದ್ರೆ ನಾನು 'ಇರಬೇಕು' ಅನ್ನೋ ಪಾರ್ಟಿ. ನಮ್ಮ ಆಕಾಶಗಂಗೆ ಒಂದರಲ್ಲೇ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಇಷ್ಟು ದೊಡ್ಡ ಊರಲ್ಲಿ ನಮ್ಮದೊಂದೇ ಮನೆ ಅಂದ್ರೆ ಮನಸ್ಸು ಒಪ್ಪಲ್ಲ. ಆದ್ರೆ ಅರ್ಥವಾಗದ್ದು ಏನೇ ಕಂಡ್ರೂ "ಏಲಿಯನ್‌ಗಳದ್ದೇ ಕೆಲಸ" ಅಂತ ಷರಾ ಬರೆದು ಫೈಲ್ ಮುಚ್ಚಿಬಿಡೋರನ್ನ ಕಂಡ್ರೆ ಸಿಟ್ಟು ಬರುತ್ತೆ. ಕುತೂಹಲ ಅಂದ್ರೆ ಅದಲ್ಲ ಸ್ವಾಮಿ, ಅದು ಸೋಮಾರಿತನ.

1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್‌ಗೆ ಆಕಾಶದ ಒಂದೇ ಜಾಗದಿಂದ ಸುಮಾರು 1.33 ಸೆಕೆಂಡಿಗೊಮ್ಮೆ, ಗಡಿಯಾರದ ಹಾಗೆ, ರೇಡಿಯೋ ಮಿಡಿತ ಸಿಕ್ತು. ತಮಾಷೆಗೆ ಅದಕ್ಕೆ 'ಪುಟ್ಟ ಹಸಿರು ಮನುಷ್ಯರು' ಅಂತ ಹೆಸರಿಟ್ರು. ಆಕೆ ಅಲ್ಲಿಗೇ ನಿಲ್ಲಲಿಲ್ಲ. ಹುಡುಕ್ತಾ ಹೋದಾಗ ಆಕಾಶದ ಬೇರೆ ಮೂಲೆಯಲ್ಲಿ ಅಂಥದ್ದೇ ಇನ್ನೊಂದು ಸಿಕ್ತು. ಎರಡು ಬೇರೆ ಬೇರೆ ಲೋಕದವರು ಒಟ್ಟಿಗೇ ನಮಗೆ ಮಿಸ್ಡ್ ಕಾಲ್ ಕೊಡ್ತಾರಾ? ಹಸಿರು ಮನುಷ್ಯರು ಮಾಯವಾದ್ರು, ಪಲ್ಸಾರ್ ಸಿಕ್ತು!

ಇನ್ನೊಂದು ಕಥೆ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದ್ದು. 1998ರಿಂದಲೂ ಅಲ್ಲಿ ಆಗಾಗ ಒಂದು ವಿಚಿತ್ರ ಸಂಕೇತ ದಾಖಲಾಗ್ತಿತ್ತು. 2015ರಲ್ಲಿ ಮೂಲ ಪತ್ತೆ ಆಯ್ತು. ಅಲ್ಲೇ ಇದ್ದ ಮೈಕ್ರೋವೇವ್ ಓವನ್! ಊಟ ಬಿಸಿ ಆಗೋವರೆಗೂ ಕಾಯದೆ ಯಾರೋ ಬಾಗಿಲು ತೆಗೆದಾಗ ಸಂಕೇತ ಹೊರಗೆ ಸೋರ್ತಿತ್ತು.

ನಗು ಬರುತ್ತೆ ನಿಜ, ಆದ್ರೆ ಮುಂದಿನದ್ದು ಕೇಳಿ. ಅದೇ ದೂರದರ್ಶಕ 2001ರಲ್ಲಿ ಹಿಡಿದಿದ್ದ, ಸೆಕೆಂಡಿನ ಇನ್ನೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನ ಒಂದು ರೇಡಿಯೋ ಸ್ಫೋಟವನ್ನ 2007ರಲ್ಲಿ ಪ್ರಕಟಿಸಿದ್ರು. ಈ ಓವನ್ ಸಂಕೇತ ನೋಡೋಕೆ ಅದರ ಹಾಗೇ ಇದ್ದಿದ್ರಿಂದ ಅದರ ಮೇಲೂ ಅನುಮಾನ ಬಿದ್ದಿತ್ತು. ಓವನ್ ಸಿಕ್ಕಿಬಿದ್ದ ಮೇಲೆ ನಕಲಿ ಯಾವುದು, ಅಸಲಿ ಯಾವುದು ಅಂತ ಸ್ಪಷ್ಟವಾಯ್ತು. ಅಸಲಿಯವು ದೂರದ ಗ್ಯಾಲಕ್ಸಿಗಳಿಂದ ಬರ್ತವೆ. 2020ರಲ್ಲಿ ನಮ್ಮ ಆಕಾಶಗಂಗೆಯ ಒಳಗೇ, ಮ್ಯಾಗ್ನೆಟಾರ್ ಅನ್ನೋ ಪ್ರಬಲ ಕಾಂತಕ್ಷೇತ್ರದ ನಕ್ಷತ್ರದಿಂದ ಅಂಥದ್ದೇ ಸ್ಫೋಟ ಬಂತು. ಎಲ್ಲವೂ ಅಲ್ಲಿಂದಲೇ ಬರ್ತವಾ? ಅದಿನ್ನೂ ಇತ್ಯರ್ಥ ಆಗಿಲ್ಲ.

"ನೀವು ವಿಜ್ಞಾನದವರು ರಹಸ್ಯದ ಮಜಾನೇ ಹಾಳು ಮಾಡ್ತೀರ" ಅಂತ ದೂರೋರಿಗೆ ನನ್ನ ಉತ್ತರ ಇದೇ. ಅನುಮಾನಪಟ್ಟೋರು ಮಜಾ ಹಾಳು ಮಾಡಲಿಲ್ಲ, ಇನ್ನೂ ದೊಡ್ಡ ರಹಸ್ಯವನ್ನ ಉಳಿಸಿಕೊಟ್ರು. ನಾವು ಸಾಫ್ಟ್‌ವೇರ್‌ನವರೂ ಅಷ್ಟೇ ತಾನೇ? ಬಗ್ ಬಂದ್ರೆ ದೆವ್ವದ ಕಾಟ ಅಂತ ಟಿಕೆಟ್ ಕ್ಲೋಸ್ ಮಾಡಲ್ಲ, ಲಾಗ್ ತೆಗೆದು ನೋಡ್ತೀವಿ.

ಏಲಿಯನ್‌ಗಳು ಇರಲಿ ಅಂತ ಆಸೆ ಇರೋರೇ ಎಲ್ಲರಿಗಿಂತ ಜಾಸ್ತಿ ಅನುಮಾನ ಪಡಬೇಕು ಅನ್ನೋದು ನನ್ನ ವಾದ. ನಿಜವಾದ ಕರೆ ಒಂದು ದಿನ ಬಂದೇ ಬಂತು ಅಂದ್ಕೊಳ್ಳಿ. ನಮ್ಮದೇ ಅಡುಗೆಮನೆಯ ಸದ್ದು ಯಾವುದು ಅಂತ ಗೊತ್ತಿಲ್ಲದಿದ್ರೆ ಅದನ್ನ ಗುರುತಿಸೋದು ಹೇಗೆ? ನೀವೇನಂತೀರಿ?